ಒತ್ತಬಹುದು, ಉಜ್ಜಬಾರದು

ವಿಜಿ ನೀರು ನುಂಗುವುದನ್ನು ನಿಲ್ಲಿಸಿ ಅದು ಎರಡನೆಯ ದಿನ. ಮಂಗಳಾಗೌರಿ ಚಮಚೆಯ ಅಂಚಿಗೆ ತುಪ್ಪ ಸವರಿ, ನಾಲ್ಕು ಹನಿ ಎಳನೀರು ತುಂಬಿ ಮಗಳ ಬಾಯಿಯ ಹತ್ತಿರ ಹಿಡಿದಳು. ನಾಲ್ಕು ವರ್ಷದ ಹುಡುಗಿ ಬಾಯಿ ತೆರೆದಳು. ಹನಿಗಳು ಒಳಗೆ ಹೋದವು, ಮರುಕ್ಷಣವೇ ಎಂಜಲಿನ ಜೊತೆ ಗದ್ದದ ಮೇಲೆ ಹರಿದು ಬಂದವು. ಎಂಜಲಿನಲ್ಲಿ ನಸುಗೆಂಪು ಇತ್ತು.

"ಅಮ್ಮಾ, ಲೋಪಲ ಮೂಸುಕುಪೋಯಿಂದಿ," ಎಂದಳು ವಿಜಿ. ಒಳಗೆ ಮುಚ್ಚಿಹೋಗಿದೆ ಎಂದು. ಮನೆಯೊಡತಿ ಸೂರ್ಯಕಾಂತಮ್ಮನ ಜೊತೆ ಆಡಿ ಆಡಿ, ನೋವಿನ ಮಾತೆಲ್ಲ ಅವಳಿಗೆ ತೆಲುಗಿನಲ್ಲೇ ಬರುತ್ತಿತ್ತು.

"ಒಂದ್ ತೊಟ್ಟೂ ಇಳೀಲಿಲ್ವಾ ಮಗಾ?" ಬಾಗಿಲ ಬಳಿ ನಿಂತಿದ್ದ ದೇವಮ್ಮ ಕೇಳಿದಳು.

"ಇಲ್ಲ ಕಣವ್ವ. ನೆನ್ನೆಯಿಂದ ಉಚ್ಚೇನೂ ಹೊಯ್ದಿಲ್ಲ."

ಅದು ೧೯೯೨ರ ಮೇ ತಿಂಗಳು. ತೆಲುಗು ನಾಡಿನ ಪೆಂಡುರ್ತಿಯ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದವರು ಮೂವರೇ: ಮಂಗಳಾ, ವಿಜಿ, ಮತ್ತು ಬಾಣಂತನಕ್ಕೆಂದು ತುರುವೇಕೆರೆ ಕಡೆಯ ಹಳ್ಳಿಯಿಂದ ಬಂದು ನಾಲ್ಕು ವರ್ಷದಿಂದ ಇಲ್ಲೇ ಉಳಿದಿದ್ದ ಮಂಗಳಾಳ ತಾಯಿ ದೇವಮ್ಮ. ವಿಜಿಯ ಅಪ್ಪ ಅಣ್ಣಪ್ಪ ನೌಕಾಪಡೆಯ ನಾವಿಕ. ಮಾರ್ಚಿನಲ್ಲಿ ಹೊರಟ ಅವನ ಹಡಗು ಜೂನ್‌ಗೆ ಮುಂಚೆ ವಾಪಸು ಬರುವಂತಿರಲಿಲ್ಲ. ಅಣ್ಣಪ್ಪ ದೇವಮ್ಮನ ಸ್ವಂತ ತಮ್ಮ. ಸೋದರಮಾವನನ್ನೇ ಮದುವೆಯಾಗಿದ್ದ ಮಂಗಳಾ ಈಗಲೂ ಗಂಡನನ್ನು "ಮಾವ" ಎಂದೇ ಕರೆಯುತ್ತಿದ್ದಳು.

ವಿಜಿ ಹುಟ್ಟುವಾಗಲೇ ಬಲಗಾಲಿನ ಪಾದಕ್ಕೆ ಚರ್ಮವಿರಲಿಲ್ಲ. ಮೂರನೆಯ ದಿನ, ಬಟ್ಟೆಯ ಅಂಚು ಉಜ್ಜಿದಲ್ಲೆಲ್ಲ ನೀರು ತುಂಬಿದ ಗುಳ್ಳೆಗಳೆದ್ದವು. ಗುಳ್ಳೆ ಒಡೆದರೆ ಕೆಳಗೆ ಹಸಿ ಮಾಂಸ. ಒಂದು ವಾಸಿಯಾಗುವುದರೊಳಗೆ ನಾಲ್ಕು ಏಳುತ್ತಿದ್ದವು. ವಾಸಿಯಾದಲ್ಲಿ ಚರ್ಮ ಕಲೆಗಟ್ಟಿ ಬಿಗಿಯುತ್ತಿತ್ತು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು, ಎಡಗೈ ಈಗಾಗಲೇ ಮುಷ್ಟಿಯಷ್ಟೇ ಆಗಿತ್ತು. ಆರು ತಿಂಗಳ ಕೂಸಾಗಿದ್ದಾಗ ಒಂದು ನರ್ಸಿಂಗ್ ಹೋಮಿನಲ್ಲಿ ತೊಡೆಗೆ ಹತ್ತಿ ಇಟ್ಟು ಪ್ಲಾಸ್ಟರ್ ಅಂಟಿಸಿದ್ದರು. ತೆಗೆಯುವಾಗ ಅಂಗೈಯಗಲದ ಚರ್ಮ ಪ್ಲಾಸ್ಟರಿನ ಜೊತೆಯೇ ಎದ್ದು ಬಂತು. ಅಣ್ಣಪ್ಪ ಒಮ್ಮೆ ರಜೆಗೆ ಬಂದವನು ಮಗಳು ಕೈಚಾಚಿದಳೆಂದು ಕಂಕುಳಿಗೆ ಕೈಕೊಟ್ಟು ಎತ್ತಿದ್ದ. ಎರಡೂ ಕಂಕುಳು ಸುಲಿದುಹೋದವು. ಅವತ್ತಿನಿಂದ ಅವನು ಮಗಳನ್ನು ಮುಟ್ಟಿರಲಿಲ್ಲ. ಬಂದಾಗೆಲ್ಲ ಹೊಸ್ತಿಲ ಮೇಲೆ ಕೂತು ಬೊಂಬೆ ಆಡಿಸಿ ತೋರಿಸುತ್ತಿದ್ದ.

ಮಂಗಳಾ ಮಾತ್ರ ನಾಲ್ಕು ವರ್ಷದಲ್ಲಿ ಒಂದು ವಿಷಯ ಕಲಿತಿದ್ದಳು. ನೇರವಾಗಿ ಒತ್ತಿದರೆ ಚರ್ಮ ತಡೆಯುತ್ತದೆ. ಉಜ್ಜಿದರೆ, ಜಾರಿಸಿದರೆ, ಎಳೆದರೆ ತಡೆಯುವುದಿಲ್ಲ. ಮಗಳನ್ನು ಎತ್ತುವಾಗ ಮೊದಲು ದಿಂಬು ತೂರಿಸಿ, ದಿಂಬಿನ ಸಮೇತ ಎತ್ತುತ್ತಿದ್ದಳು. ಬೆಳಗ್ಗೆ ಗಾಯದ ಬಟ್ಟೆ ಬದಲಾಯಿಸಲು ಮೂರು ಗಂಟೆ ಬೇಕಾಗುತ್ತಿತ್ತು.

ಆ ದಿನ ನೌಕಾಪಡೆಯ ಆಸ್ಪತ್ರೆಯ ಡಾಕ್ಟರು ಟಾರ್ಚು ಹಿಡಿದು ವಿಜಿಯ ಗಂಟಲು ನೋಡಿ ಟಾರ್ಚು ಆರಿಸಿದರು.

"ನೋಡಮ್ಮ, ಅನ್ನನಾಳದಲ್ಲಿ ಗುಳ್ಳೆ ಎದ್ದಿದೆ. ಈ ಬಾಯಿಗೆ ಟ್ಯೂಬ್ ಹಾಕುವ ಧೈರ್ಯ ನನಗಿಲ್ಲ, ಸುಳ್ಳು ಹೇಳೋದಿಲ್ಲ. ಈ ಕಾಯಿಲೆ ನೋಡಿರುವವರು ವಿಜಯವಾಡದ ರಾಮಮೋಹನ್. ಹೋದ ವರ್ಷ ನಿಮ್ಮನ್ನ ಅವರ ಹತ್ತಿರಾನೇ ಕಳಿಸಿದ್ದೆನಲ್ಲ? ಕಾಗದ ಬರೆದುಕೊಡ್ತೀನಿ. ತಡ ಮಾಡಬೇಡಿ."

ಮರುದಿನ ನಸುಕಿಗೇ ಸೂರ್ಯಕಾಂತಮ್ಮ ಆಟೋ ಹಿಡಿದು ಅವರನ್ನು ಸ್ಟೇಷನ್ನಿಗೆ ತಲುಪಿಸಿದಳು. ಹೊರಡುವಾಗ ತನ್ನ ಹಿತ್ತಿಲಿನಿಂದ ಎಳೆಯ ಬಾಳೆಲೆ ಕೊಯ್ದು ಸುರುಳಿ ಸುತ್ತಿ ದೇವಮ್ಮನ ಕೈಗಿತ್ತಳು. ವಿಜಿ ಮಲಗುವುದು ಎಣ್ಣೆ ಸವರಿದ ಬಾಳೆಲೆಯ ಮೇಲೆ. ಹತ್ತಿಬಟ್ಟೆಯಾದರೆ ಗಾಯಕ್ಕೆ ಅಂಟಿಬಿಡುತ್ತಿತ್ತು. ಮಗು ಹುಟ್ಟಿದ ದಿನವೇ ದೇವಮ್ಮ ಕಂಡುಕೊಟ್ಟ ಉಪಾಯ ಅದು.

ಅನಕಾಪಲ್ಲಿ ದಾಟುವಷ್ಟರಲ್ಲೇ ರೈಲಿನ ಡಬ್ಬಿ ಕಾದುಹೋಗಿತ್ತು. ಎದುರು ಕೂತಿದ್ದ ಹೆಂಗಸೊಬ್ಬಳು ಬಾಳೆಲೆಯ ಮೇಲಿನ ಮಗುವನ್ನು ನೋಡಿ ಹೌಹಾರಿದಳು.

"ಅಯ್ಯೋ, ಕಾಲಿಂದಾ ಅಮ್ಮಾ?" ಸುಟ್ಟಿತೇ ಎಂದು ಕೇಳಿದಳು.

"ಅವುನಂಡಿ," ಎಂದಳು ಮಂಗಳಾ. ಹೌದು ಅಂದುಬಿಡುವುದು ಸುಲಭ. ಹೆಂಗಸು ನಾಲಿಗೆ ಲೊಚಗುಟ್ಟಿ, ತಾಯಿಯಾದವಳು ಒಲೆಯ ಹತ್ತಿರ ಮಗುವನ್ನು ಬಿಡುವುದುಂಟೇ ಎಂದು ಪಕ್ಕದವಳಿಗೆ ಹೇಳತೊಡಗಿದಳು. ಮಂಗಳಾ ಒದ್ದೆ ಬಟ್ಟೆಯನ್ನು ಮಗಳ ತುಟಿಗೆ ಒತ್ತಿ ಒತ್ತಿ ತೆಗೆಯುತ್ತಿದ್ದಳು. ರಾಜಮಂಡ್ರಿಯ ಹೊತ್ತಿಗೆ ವಿಜಿ ಅಳುವುದನ್ನೂ ನಿಲ್ಲಿಸಿದಳು. ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ಏಲೂರಿನಲ್ಲಿ ದೇವಮ್ಮ ಮೊಮ್ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದಳು. ತಾಯಿಯ ಆ ಕೈಯನ್ನು ಮಂಗಳಾ ತಳ್ಳಿಬಿಟ್ಟಳು.

"ಹಂಗೆಲ್ಲ ನೋಡಬ್ಯಾಡ. ಅವಳು ಐದಾಳೆ."

ಮಧ್ಯಾಹ್ನ ಒಂದೂವರೆಗೆ ಆಸ್ಪತ್ರೆ ತಲುಪಿದಾಗ ಡಾಕ್ಟರ್ ರಾಮಮೋಹನ್ ಇರಲಿಲ್ಲ. ಗುಂಟೂರಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಎಂದರು. ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರು ಮಗುವಿನ ಕಣ್ಣು, ನಾಲಿಗೆ ನೋಡಿ ಕೂಡಲೇ ಡ್ರಿಪ್ ಹಾಕಲು ಹೇಳಿದರು. ನರ್ಸು ತಳ್ಳುಗಾಡಿ ತಂದಳು. ಅದರ ಅಂಚಿಗೆ ಬೆರಳುದ್ದದ ಐದಾರು ಪ್ಲಾಸ್ಟರ್ ಪಟ್ಟಿಗಳನ್ನು ಹರಿದು ಸಾಲಾಗಿ ಅಂಟಿಸಿಟ್ಟಿದ್ದಳು.

ಮಂಗಳಾಗೆ ಕಂಡದ್ದು ಆ ಪಟ್ಟಿಗಳು ಮಾತ್ರ. ಅವಳು ಒಂದೊಂದನ್ನೂ ಕಿತ್ತು ಮುದ್ದೆ ಮಾಡಿ ನೆಲಕ್ಕೆಸೆದಳು. "ಪ್ಲಾಸ್ಟರ್ ವದ್ದು! ವದ್ದಂಡಿ!" ಬೇಡ, ಬೇಡ ಎಂದು ಕೂಗಿದಳು. ಬಾರದ ತೆಲುಗು ಆ ಗಾಬರಿಯಲ್ಲಿ ಇನ್ನಷ್ಟು ಬಾರದಾಯಿತು. ನರ್ಸು ಸಿಟ್ಟಿಗೆದ್ದಳು. ಆಯಾ ಬಂದು ಮಂಗಳಾಳ ತೋಳು ಹಿಡಿದೆಳೆದಳು. ಬಾಗಿಲಲ್ಲಿ ಜನ ಸೇರಿದರು. ದೇವಮ್ಮ ಎಲ್ಲರಿಗೂ ಕೈಮುಗಿಯುತ್ತಾ ಕನ್ನಡದಲ್ಲೇ, "ಒಸಿ ಕೇಳ್ರಪ್ಪ, ಅವಳ ಮಾತು ಒಸಿ ಕೇಳಿ," ಎನ್ನುತ್ತಿದ್ದಳು. ಮಂಗಳಾ ರವಿಕೆಯೊಳಗಿಂದ ಕಾಗದ ತೆಗೆದು ಡಾಕ್ಟರ ಮುಖಕ್ಕೆ ಹಿಡಿದಳು.

ಕಿರಿಯ ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. ಆಯಾಳನ್ನು ಹೊರಗೆ ಕಳಿಸಿದರು.

"ಟೇಪ್ ಇಲ್ಲದೆ ಸೂಜಿ ನಿಲ್ಲೋದು ಹೇಗಮ್ಮ? ಬಟ್ಟೆ ಕಟ್ಟಿದರೆ ಸಡಿಲ ಆಗಿ ಜಾರುತ್ತೆ, ಬಿಗಿಯಾಗಿ ಕಟ್ಟಿದರೆ ಚರ್ಮ ಹೋಗುತ್ತೆ. ಮಗುವಿನ ಕೈಯಲ್ಲಿ ಇನ್ನೊಂದು ನರ ಹುಡುಕೋ ಹಾಗಿಲ್ಲ. ಇದು ತಪ್ಪಿದರೆ ಮುಗೀತು."

"ನಾನು ಹಿಡ್ಕೋತೀನಿ," ಎಂದಳು ಮಂಗಳಾ.

"ಎಷ್ಟು ಹೊತ್ತು?"

"ಎಷ್ಟು ಹೊತ್ತಾದ್ರೂ."

ಸೂಜಿ ಹಾಕುವಾಗ ನರ್ಸು ಅಭ್ಯಾಸಬಲದಿಂದ ನರ ಏಳಿಸಲು ಮೊಣಕೈಯನ್ನು ತಿಕ್ಕಲು ಹೋದಳು. ಮಂಗಳಾ ಅವಳ ಕೈ ಹಿಡಿದು, "ನೊಕ್ಕಂಡಿ, ರುದ್ದಕಂಡಿ," ಎಂದಳು. ಒತ್ತಿ, ಉಜ್ಜಬೇಡಿ. ನರ್ಸು ಈಗ ಜಗಳವಾಡಲಿಲ್ಲ. ವ್ಯಾಸಲೀನ್ ಬಟ್ಟೆಯ ಮೇಲಿಂದ ಹೆಬ್ಬೆರಳನ್ನು ಊರಿ ಹಿಡಿದಳು. ಎರಡನೆಯ ಪ್ರಯತ್ನಕ್ಕೆ ಸೂಜಿ ನರದೊಳಗೆ ಹೋಯಿತು. ಅದರ ಎರಡು ಪುಟ್ಟ ರೆಕ್ಕೆಗಳನ್ನು ಮಂಗಳಾ ಬಲಗೈಯ ಎರಡು ಬೆರಳಿನ ನಡುವೆ ಹಿಡಿದುಕೊಂಡು, ಎಡಗೈಯನ್ನು ಮಗಳ ಮೊಣಕೈಯ ಕೆಳಗೆ ಇಟ್ಟು, ಸ್ಟೂಲಿನ ಮೇಲೆ ಕೂತಳು.

ಆಗ ಎರಡು ಗಂಟೆ ಹತ್ತು ನಿಮಿಷ.

ಮೊದಲ ಅರ್ಧ ಗಂಟೆ ಕಷ್ಟವೆನಿಸಲಿಲ್ಲ. ಆಮೇಲೆ ಹೆಬ್ಬೆರಳಿನ ಬುಡ ಸೆಟೆಯತೊಡಗಿತು. ನೋವು ಮೊಣಕೈಗೆ, ಅಲ್ಲಿಂದ ಭುಜಕ್ಕೆ ಏರಿತು. ಬೆವರು ಹಣೆಯಿಂದ ಕಣ್ಣಿಗಿಳಿದರೆ ಒರೆಸಿಕೊಳ್ಳಲು ಕೈಯಿರಲಿಲ್ಲ. ದೇವಮ್ಮ ಸೆರಗಿನಿಂದ ಒರೆಸಿದಳು. ಮೂರೂವರೆಗೆ ಹೊಟ್ಟೆ ತೊಳೆಸಿ ಬಂತು. ಬೆಳಗಿನಿಂದ ಏನೂ ತಿಂದಿರಲಿಲ್ಲ; ಆದರೆ ಕಾರಣ ಅದಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡು ತಿಂಗಳಿಂದ ಅವಳು ಮುಟ್ಟಾಗಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹಲ್ಲು ಕಚ್ಚಿ, ಬಂದದ್ದನ್ನು ನುಂಗಿಕೊಂಡಳು. ಕೈ ಅಲುಗದಂತೆ ನೋಡಿಕೊಂಡಳು.

"ಒಸಿ ನಾನ್ ಹಿಡೀತೀನಿ ಕೊಡೇ."

"ಬ್ಯಾಡ ಕಣವ್ವ. ನಿನ್ ಕೈ ನಡುಗ್ತದೆ."

ಬಾಟಲಿಯಿಂದ ಹನಿ ಬೀಳುವುದನ್ನೇ ನೋಡುತ್ತಾ ಕೂತಳು. ದೇವರ ಹೆಸರು ನೆನಪಾಗಲಿಲ್ಲ. ಒಂದು ಹನಿ, ಮತ್ತೊಂದು ಹನಿ, ಅಷ್ಟೇ. ವಿಜಿ ಒಮ್ಮೆ ಎಚ್ಚರವಾಗಿ ಕೈ ಎಳೆದುಕೊಳ್ಳಲು ನೋಡಿದಾಗ ಮಂಗಳಾ ಮಗಳ ಕೈಯ ಜೊತೆಗೇ ತನ್ನ ಎರಡೂ ಕೈ ಸರಿಸಿ, ಮೈಯನ್ನೆಲ್ಲ ಬಾಗಿಸಿ, ಮಗು ಎತ್ತ ತಿರುಗಿತೋ ಅತ್ತ ತಿರುಗಿದಳು. ಸೂಜಿ ತಪ್ಪಲಿಲ್ಲ.

ಐದು ಗಂಟೆಯ ಹೊತ್ತಿಗೆ ವಿಜಿಯ ಕೆಳಗಿನ ಬಾಳೆಲೆ ಒದ್ದೆಯಾಯಿತು. ನರ್ಸು ಎಲೆ ಎತ್ತಿ ನೋಡಿ, "ಪೋಸಿಂದಮ್ಮಾ, ಪೋಸಿಂದಿ!" ಎಂದು ನಕ್ಕಳು. ಎರಡು ದಿನದ ಮೇಲೆ ಮಗು ಉಚ್ಚೆ ಹೊಯ್ದಿತ್ತು. ಅಲ್ಲಿಯವರೆಗೂ ಗಟ್ಟಿಯಾಗಿದ್ದ ಮಂಗಳಾ ಆಗ ಸದ್ದಿಲ್ಲದೆ ಅತ್ತಳು. ಏಳು ಗಂಟೆಗೆ ರಾಮಮೋಹನ್ ಬಂದು, ಸೂಜಿಯನ್ನು ಮೃದುವಾದ ಸ್ಪಂಜಿನ ನಡುವೆ ಕೂರಿಸಿ ಸಡಿಲವಾಗಿ ಸುತ್ತುವ ಬಗೆ ತೋರಿಸಿದಾಗ ಅವಳ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ನರ್ಸು ಬಿಸಿನೀರಿನಲ್ಲಿ ಅದ್ದಿ ಒಂದೊಂದಾಗಿ ಬಿಡಿಸಿದಳು.

ಊತ ಇಳಿಯಲು ನರಕ್ಕೆ ಔಷಧಿ ಕೊಟ್ಟರು. ಮೂರನೆಯ ದಿನ ಮಗುವಿಗೆ ಅರಿವಳಿಕೆ ಕೊಟ್ಟು, ಕಿರಿದಾಗಿದ್ದ ಅನ್ನನಾಳವನ್ನು ಒಳಗಿನಿಂದ ಹಿಗ್ಗಿಸಿದರು. ಐದನೆಯ ದಿನ ವಿಜಿ ಎರಡು ಚಮಚೆ ತೆಳು ಗಂಜಿ ನುಂಗಿದಳು. ಆರನೆಯ ದಿನ ಡಾಕ್ಟರು ಮಂಗಳಾ, ದೇವಮ್ಮ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

ರಾಮಮೋಹನರಿಗೆ ಐವತ್ತರ ಆಸುಪಾಸು. ಮಂಗಳಾಗೆ ತಿಳಿಯುವಂತೆ ತೆಲುಗನ್ನು ನಿಧಾನವಾಗಿ, ಬಿಡಿಬಿಡಿಯಾಗಿ ಆಡಿದರು. ಹೋದ ವರ್ಷ ವಿಜಿಯ ಸೊಂಟದಿಂದ ತೆಗೆದ ಕಾಳಿನಷ್ಟು ಚರ್ಮವನ್ನು ಅವರು ವಿದೇಶದ ಪ್ರಯೋಗಾಲಯಕ್ಕೆ ಕಳಿಸಿದ್ದರು. ಅದರ ವರದಿ ಬಂದಿತ್ತು. ಮೇಜಿನ ಮೇಲೆ ಎರಡು ಕಪ್ಪುಬಿಳುಪು ಫೋಟೋ ಇಟ್ಟರು.

"ಇದು ಬೇರೆ ಯಾರದೋ ಆರೋಗ್ಯವಂತರ ಚರ್ಮ. ಸಾವಿರಾರು ಪಟ್ಟು ದೊಡ್ಡದು ಮಾಡಿದ್ದಾರೆ. ಚರ್ಮ ಅಂದರೆ ಮೇಲೊಂದು ಪದರ, ಕೆಳಗೊಂದು ಪದರ. ನಡುವೆ ತೆಳುವಾದ ಹಾಸು. ಮೇಲಿನ ಪದರದ ಜೀವಕೋಶಗಳು ಆ ಹಾಸನ್ನು ಕಚ್ಚಿ ಹಿಡಿದಿರುತ್ತವೆ. ಹಾಸು ಕೆಳಗಿನ ಪದರಕ್ಕೆ ಹಿಡಿದುಕೊಳ್ಳೋದು ಈ ಎಳೆಗಳಿಂದ. ಕಾಣಿಸ್ತಾ?"

ಕಂಡಿತು. ಹಾಸಿನ ಕೆಳಗೆ ಬಾಗಿದ ಸಣ್ಣ ಸಣ್ಣ ಎಳೆಗಳು ಒತ್ತಾಗಿದ್ದವು.

"ಇದು ಕೊಲಾಜೆನ್ ಅನ್ನೋ ಪ್ರೋಟೀನಿನಿಂದ ಆಗಿರೋದು. ಕೊಲಾಜೆನ್‌ನಲ್ಲಿ ಹತ್ತಾರು ಬಗೆ. ಮೂಳೆಗೆ ಒಂದು, ಮೆದುಮೂಳೆಗೆ ಇನ್ನೊಂದು, ಹೀಗೆ. ಮೈಯೆಲ್ಲ ಒಂದಕ್ಕೊಂದು ಹಿಡಿದು ನಿಂತಿರೋದೇ ಇವುಗಳಿಂದ. ಈ ಎಳೆಗಳದ್ದು ಏಳನೆಯ ಬಗೆ. ಇಂಗ್ಲಿಷಿನಲ್ಲಿ ಇದಕ್ಕೆ ಆಂಕರ್ ಎಳೆ ಅಂತಾರೆ. ಲಂಗರು. ನಿಮ್ಮವರು ಹಡಗಿನವರಲ್ಲವೇ, ನಿಮಗೆ ಗೊತ್ತು."

ಎರಡನೆಯ ಫೋಟೋ ವಿಜಿಯದು. ಮಂಗಳಾ ಅದನ್ನು ಬೆಳಕಿಗೆ ಹಿಡಿದಳು. ಮೇಲಿನ ಪದರವಿತ್ತು. ಹಾಸು ಇತ್ತು. ಕೆಳಗಿನ ಪದರವೂ ಇತ್ತು. ಎಳೆ ಒಂದೂ ಇರಲಿಲ್ಲ. ಅವಳು ಮೂಲೆಯಿಂದ ಮೂಲೆಗೆ ಹುಡುಕಿದಳು.

"ಒಂದಾದ್ರೂ..." ಎಂದಳು.

"ಇಲ್ಲಮ್ಮ. ಬಾಯಲ್ಲೂ, ಗಂಟಲಲ್ಲೂ ಇದೇ ಎಳೆಗಳು ಇರಬೇಕು. ಅಲ್ಲೂ ಇಲ್ಲ. ಅದಕ್ಕೇ ಗಟ್ಟಿ ತುತ್ತು ಹೋದರೆ ಒಳಗೂ ಸುಲಿಯುತ್ತೆ. ನೀವು ಏನೋ ತಿಂದಿದ್ದಕ್ಕೆ, ಏನೋ ಮಾಡಿದ್ದಕ್ಕೆ ಹೀಗಾಗಿದ್ದಲ್ಲ. ಈ ಎಳೆ ಹೇಗೆ ನೇಯಬೇಕು ಅನ್ನೋ ಬರಹ ತಂದೆಯಿಂದ ಒಂದು, ತಾಯಿಯಿಂದ ಒಂದು ಮಗುವಿಗೆ ಬರುತ್ತೆ. ಒಂದು ಸರಿ ಇದ್ದರೂ ಸಾಕು, ಚರ್ಮ ನಿಲ್ಲುತ್ತೆ. ನಿಮ್ಮಿಬ್ಬರಲ್ಲೂ ಒಂದೊಂದು ತಪ್ಪಾಗಿದೆ. ಇವಳಿಗೆ ಎರಡೂ ತಪ್ಪಾದದ್ದೇ ಬಂದಿದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಇದು ಹೆಚ್ಚು." ಅವರು ದೇವಮ್ಮನ ಕಡೆ ತಿರುಗಿದರು. "ಇವರ ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಿತ್ತಾ, ಕೇಳಿ."

ದೇವಮ್ಮನಿಗೆ ತೆಲುಗು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಮಂಗಳಾ ಕನ್ನಡದಲ್ಲಿ ಕೇಳಿದಳು. "ಅವ್ವ, ನಿಮ್ ಕಡೆ ಯಾರ್ಗಾರಾ ಹಿಂಗಿತ್ತಾ ಅಂತ ಕೇಳ್ತಾವ್ರೆ."

ದೇವಮ್ಮ ಮಡಿಲಲ್ಲಿ ಸೆರಗಿನ ತುದಿಯನ್ನು ಸುತ್ತತೊಡಗಿದಳು.

"ಇತ್ತು ಮಗಾ," ಎಂದಳು.

ಮಂಗಳಾ ಅದನ್ನು ತೆಲುಗಿಗೆ ತಿರುಗಿಸಲು ಬಾಯಿ ತೆರೆದವಳು ಹಾಗೇ ನಿಂತಳು.

"ನಾನ್ ಆವಾಗ ಒಂಬತ್ತು ವರ್ಷದೋಳು. ನಿನ್ ಗಂಡ ಇನ್ನೂ ಹುಟ್ಟಿರ್ಲಿಲ್ಲ. ನಮ್ಮವ್ವಂಗೆ ಒಂದು ಗಂಡು ಹುಟ್ತು. ಇದೇ ಥರ ಪಾದದಲ್ಲಿ ತೊಗಲು ಇರ್ಲಿಲ್ಲ. ಇಪ್ಪತ್ತು ದಿನ ಇತ್ತು. ಅದಕ್ಕೂ ಮುಂಚೆ ಒಂದು ಹೆಣ್ಣು. ಅದು ಮೂರು ತಿಂಗಳು ಇತ್ತು. ನಮ್ಮವ್ವ ಬಾಳೆಲೆ ಮ್ಯಾಲೆ ಹರಳೆಣ್ಣೆ ಸವರಿ ಮಲಗಿಸ್ತಿದ್ಲು."

"ಏಮಂಟುನ್ನಾರು?" ಏನು ಹೇಳುತ್ತಿದ್ದಾರೆಂದು ಡಾಕ್ಟರು ಕೇಳಿದರು.

ಮಂಗಳಾ ತಾಯಿಯ ಕಡೆಗೇ ತಿರುಗಿದ್ದಳು. "ವಿಜಿ ಹುಟ್ಟಿದ್ ದಿನ ನೀನು ಬಾಳೆಲೆ ತರಿಸಿದೆ. ಅವತ್ತೇ ಗೊತ್ತಿತ್ತಾ ನಿಂಗೆ?"

"ಪಾದ ನೋಡ್ದೇಟ್ಗೇ ಗೊತ್ತಾಯ್ತು."

"ನನ್ನ ಮಾವಂಗೆ ಕೊಡೋವಾಗ?"

"ರಕ್ತದಾಗೆ ಬತ್ತದೆ ಅಂತ ಯಾರಿಗವ್ವ ಗೊತ್ತಿತ್ತು? ಅಮ್ಮನ ಮುನಿಸು ಅಂದ್ಕೊಂಡಿದ್ವಿ. ಪೂಜೆ ಮಾಡ್ಸಿದ್ವಿ. ಆಮ್ಯಾಕೆ ನಿನ್ ಗಂಡ ಚೆಂದಾಗಿ ಹುಟ್ದ, ಮುಗೀತು ಅಂದ್ಕೊಂಡ್ವಿ."

"ಸರಿ. ಇವಳು ಹುಟ್ಟಿದ್ ಮ್ಯಾಲೆ? ನಾಲ್ಕು ವರ್ಷ, ಅವ್ವ. ನಾನು ಗ್ರಹಣದಲ್ಲಿ ಈಚೆ ಬಂದೆ ಅಂತ, ಪಪ್ಪಾಯಿ ತಿಂದೆ ಅಂತ, ದಿನಾ ನನ್ನೇ ಬೈಕೊಂಡು ಅಳ್ತಿದ್ನಲ್ಲ. ನೋಡ್ತಾ ಕೂತಿದ್ಯಲ್ಲ."

"ಹೇಳಿದ್ರೆ ನೀನು ನನ್ನ ಮನೆಯಿಂದ ಓಡಿಸ್ತಿದ್ದೆ. ಆವಾಗ ಈ ಕೂಸನ್ನ ನೋಡ್ಕೊಳ್ಳೋಕೆ ನಿಂಗ್ ಯಾರಿದ್ರು?" ಎಂದಳು ದೇವಮ್ಮ.

ಮಂಗಳಾ ಡಾಕ್ಟರ ಕಡೆ ತಿರುಗಿ ಮೂರೇ ಮಾತಿನಲ್ಲಿ ಅನುವಾದಿಸಿದಳು. "ಇದ್ದರಂತೆ. ಇಬ್ಬರು. ಸತ್ತರು." ಆಮೇಲೆ ಅದೇ ದನಿಯಲ್ಲಿ, "ನನಗೆ ಈಗ ಎರಡು ತಿಂಗಳು," ಎಂದಳು.

ಡಾಕ್ಟರು ಪೆನ್ನನ್ನು ಕೆಳಗಿಟ್ಟರು. ನಾಲ್ಕರಲ್ಲಿ ಒಂದು ಪಾಲು ಈ ಮಗುವೂ ಹಾಗೇ ಹುಟ್ಟಬಹುದು, ಮೂರು ಪಾಲು ಹುಟ್ಟದೆ ಇರಬಹುದು ಎಂದರು. ಗರ್ಭದಲ್ಲೇ ಚರ್ಮದ ಚೂರು ತೆಗೆದು ನೋಡುವುದು ಹೊರದೇಶದಲ್ಲಿ ಒಂದೆರಡು ಕಡೆ ಇದೆ, ನಮ್ಮ ಕೈಗೆ ಎಟುಕುವುದಲ್ಲ ಎಂದರು. ಏನು ಮಾಡಬೇಕೆಂದು ತಾನು ಹೇಳುವುದಿಲ್ಲ ಎಂದೂ ಹೇಳಿದರು.

ಎರಡು ದಿನ ಮಂಗಳಾ ತಾಯಿಯ ಜೊತೆ ಮಾತಾಡಲಿಲ್ಲ. ಕೈಗೆ ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದಳು. ಮಗಳ ಬಟ್ಟೆ ಬದಲಾಯಿಸುವಾಗ ಮಾತ್ರ ಇಬ್ಬರೂ ಎಂದಿನಂತೆ ಎದುರುಬದುರು ಕೂರಲೇಬೇಕಾಗುತ್ತಿತ್ತು. ಒಬ್ಬರು ನೀರು ಹನಿಸಬೇಕು, ಇನ್ನೊಬ್ಬರು ಬಟ್ಟೆಯನ್ನು ನೂಲು ನೂಲಾಗಿ ಬಿಡಿಸಬೇಕು. ಮೂರನೆಯ ದಿನ ಹಾಗೆ ಕೂತಿದ್ದಾಗಲೇ ಮಂಗಳಾ ಹೇಳಿದಳು.

"ನಾಳೆ ತೆಗೆಸ್ತೀನಿ."

ದೇವಮ್ಮ ನೀರು ಹನಿಸುವುದನ್ನು ನಿಲ್ಲಿಸಿದಳು. "ಮೂರು ಪಾಲು ಚೆಂದಾಗಿರ್ತದೆ ಅಂದ್ರಲ್ಲ ಡಾಕ್ಟ್ರು. ಮೂರು ಪಾಲು ಮಗಾ. ನಾನೇ ನೋಡು, ನಿನ್ ಗಂಡ ನೋಡು, ನನ್ ದೊಡ್ ತಮ್ಮ ಚಿಕ್ಕಣ್ಣ ನೋಡು. ನಾವು ಮೂವರೂ ಚೆಂದಾಗಿಲ್ವಾ? ಒಂದು ಗಟ್ಟಿ ಮಗು ಇದ್ರೆ ನಾಳೆ ಇವಳಿಗೂ ಆಸರೆ."

"ನಾನು ಅದನ್ನೇ ಎಣಿಸ್ತಾ ಇದ್ದೆ ಅವ್ವ. ಮೂರು ಪಾಲನ್ನೇ. ಗಟ್ಟಿಯಾಗೇ ಹುಟ್ಲಿ. ವರ್ಷ ತುಂಬಿದ ಮಗು ಏನ್ ಮಾಡ್ತದೆ? ಅಕ್ಕನ ಮ್ಯಾಲೆ ಬೀಳ್ತದೆ. ತಬ್ಕೋತದೆ, ಕೂದಲು ಎಳೀತದೆ, ಮುತ್ತು ಕೊಡ್ತದೆ. ಅದು ಪ್ರೀತಿ ಮಾಡಿದ್ರೆ ಇವಳ ತೊಗಲು ಹೋಯ್ತದೆ. ಅದು ತಬ್ಬದಂಗೆ ನಾನು ಅದನ್ನ ಹೊಡೆದು ಹೊಡೆದು ಸಾಕ್ಬೇಕಾ? ಇಲ್ಲ ಇವಳನ್ನ ಬೀಗ ಹಾಕಿ ಇಡ್ಲಾ? ಇರೋದು ಎರಡು ಕೈ. ಅದು ಅತ್ರೆ ನಾನು ಅದನ್ನ ಎತ್ಕೋತೀನಿ. ಆಗ ಇವಳ ಸೂಜಿ ಯಾರು ಹಿಡೀತಾರೆ?"

ವಿಜಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. "ಅಮ್ಮ ಅಳೋದು ಬೇಡ," ಎಂದಳು ಕನ್ನಡದಲ್ಲಿ.

ಹೆಂಗಸರ ಡಾಕ್ಟರ್ ಗಂಗಾಭವಾನಿ, ಗಂಡನಿಗೆ ತಿಳಿಸಿದ್ದೀರಾ ಎಂದು ಕೇಳಿದರು. ಹಡಗು ಎಲ್ಲಿದೆಯೋ ಗೊತ್ತಿಲ್ಲ, ಅವರು ಬರುವ ಹೊತ್ತಿಗೆ ಹೊತ್ತು ಮೀರಿರುತ್ತದೆ ಎಂದಳು ಮಂಗಳಾ. ಕಾನೂನಿಗೆ ನಿಮ್ಮ ಸಹಿ ಸಾಕು ಎಂದರು. ಮಂಗಳಾಗೌರಿ ಎಂದು ಕನ್ನಡದಲ್ಲೇ ಸಹಿ ಹಾಕಿದಳು. ಬೆಳಗ್ಗೆ ಹತ್ತಕ್ಕೆ ಒಳಗೆ ಹೋಗಿ, ಮಧ್ಯಾಹ್ನ ಗೋಡೆ ಹಿಡಿದುಕೊಂಡು ವಿಜಿಯ ಮಂಚದ ಹತ್ತಿರ ಬಂದಳು. ಮಗಳಿಗೆ ಗಂಜಿ ಕುಡಿಸುವ ಹೊತ್ತಾಗಿತ್ತು, ಕುಡಿಸಿದಳು. ಆಮೇಲೆ ಮಂಚದ ಕೆಳಗೆ, ಬರೀ ನೆಲದ ಮೇಲೆ, ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿಬಿಟ್ಟಳು. ಅವತ್ತು ಅವಳು ತಾಯಿಯನ್ನು ತಡೆಯಲಿಲ್ಲ. ದೇವಮ್ಮ ಪಕ್ಕದಲ್ಲಿ ಕೂತು ಮಗಳ ಬೆನ್ನು ನೀವಿದಳು, ಉಜ್ಜಿದಳು, ಸಂಜೆಯವರೆಗೂ.

ಸಂಜೆ ಮಂಗಳಾ ಎದ್ದು ಕೂತು, "ಅವ್ವ, ಅಶ್ವತ್ಥನ ಮದುವೆ ಯಾವಾಗ?" ಎಂದಳು.

ಅಶ್ವತ್ಥ ಅವಳ ತಮ್ಮ. ಹುಡುಗಿ ಕಮಲಾ, ದೇವಮ್ಮನ ತಮ್ಮ ಚಿಕ್ಕಣ್ಣನ ಮಗಳು. ಶ್ರಾವಣದಲ್ಲಿ ಎಂದು ನಿಶ್ಚಯವಾಗಿತ್ತು. ದೇವಮ್ಮನಿಗೆ ಮಗಳು ಏನು ಕೇಳುತ್ತಿದ್ದಾಳೆಂದು ಕೂಡಲೇ ಅರ್ಥವಾಯಿತು.

"ಬ್ಯಾಡ ಮಗಾ. ಇದನ್ನ ಹೇಳಿದ್ರೆ ನಮ್ ಮನೆ ಹೆಣ್ಣನ್ನ ಯಾರೂ ತರಾಕಿಲ್ಲ. ಚಿಕ್ಕಣ್ಣ ನನ್ನ ಒಳೀಕ್ ಸೇರ್ಸಾಕಿಲ್ಲ."

"ಹೇಳ್ದೇ ಇದ್ರೆ ಕಮಲಾ ನನ್ನಂಗೆ ಇಲ್ಲಿ ಬಂದು ಕೂತ್ಕೋತಾಳೆ. ನೀನು ಹೋಗಿ ಹೇಳು. ನಿನ್ ಬಾಯಿಂದಾನೇ ಹೇಳು. ಹೇಳಿದ್ ಮ್ಯಾಲೆ ವಾಪಸ್ ಬಾ. ಹೇಳ್ದೆ ಬಂದ್ರೆ ಬಾಗಿಲು ತೆಗೆಯಲ್ಲ."

ಎರಡು ದಿನದ ಮೇಲೆ ದೇವಮ್ಮ ವಿಜಯವಾಡ ಸ್ಟೇಷನ್ನಿನಲ್ಲಿ ಒಬ್ಬಳೇ ಬೆಂಗಳೂರಿನ ರೈಲು ಹತ್ತಿದಳು. ಅಷ್ಟು ದೂರ ಒಬ್ಬಳೇ ಹೋದದ್ದು ಅದೇ ಮೊದಲು.

ಜೂನ್ ಎರಡನೆಯ ವಾರ ಅಣ್ಣಪ್ಪ ಪೆಂಡುರ್ತಿಗೆ ಬಂದಾಗ ಮನೆಯಲ್ಲಿ ಹೆಂಡತಿ ಮತ್ತು ಮಗಳು ಇಬ್ಬರೇ ಇದ್ದರು. ಮಂಗಳಾ ಅವನು ಊಟ ಮುಗಿಸುವವರೆಗೆ ಕಾದು ಎಲ್ಲವನ್ನೂ ಹೇಳಿದಳು. ಗಂಟಲು ಮುಚ್ಚಿದ್ದು, ಸತ್ತ ಇಬ್ಬರು ಕೂಸುಗಳ ವಿಷಯ, ತೆಗೆಸಿಕೊಂಡದ್ದು. ಅವನು ಎಂಜಲು ಕೈಯಲ್ಲೇ ಕೂತಿದ್ದ.

"ನನ್ನ ಒಂದ್ ಮಾತು ಕೇಳ್ಬೋದಿತ್ತು ಮಂಗಳಿ."

"ಎಲ್ಲಿಗೆ ಬಂದು ಕೇಳ್ಲಿ ಮಾವ? ಸಮುದ್ರಕ್ಕಾ?"

ಅವನು ಎದ್ದು ಹೊರಗೆ ಹೋದ. ಕತ್ತಲಾಗುವವರೆಗೆ ರಸ್ತೆಯಲ್ಲಿ ಅಲೆದು ಬಂದ. ಮೂರು ದಿನ ಗಂಡ ಹೆಂಡತಿಯ ನಡುವೆ ಉಪ್ಪು, ನೀರು ಎನ್ನುವಷ್ಟು ಮಾತು ಮಾತ್ರ. ನಾಲ್ಕನೆಯ ದಿನ ಅಣ್ಣಪ್ಪ ಬೆಳಗ್ಗೆಯೇ ಹೋಗಿ ಸಂಜೆ ಆಟೋದಲ್ಲಿ ವಾಪಸು ಬಂದ. ಕಾಲು ಅಗಲಿಸಿಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿದ.

"ಮಕ್ಕಳಾಗದಂಗೆ ಆಪರೇಷನ್ ಮಾಡಿಸ್ಕೊಂಡ್ ಬಂದೆ," ಎಂದ. "ಇನ್ಮೇಲೆ ನೀನು ಒಬ್ಳೇ ಹೋಗಿ ಸಹಿ ಹಾಕೋ ಹಂಗೆ ಆಗಬಾರ್ದು."

ಅವಳು ಚಾಪೆ ಹಾಸಿಕೊಟ್ಟಳು.

ದೇವಮ್ಮ ಜುಲೈನಲ್ಲಿ ಬಂದಳು. ಹೇಳಬೇಕಾದ್ದನ್ನು ಹೇಳಿದ್ದಳು. ಚಿಕ್ಕಣ್ಣ ಮದುವೆ ಮುರಿದಿದ್ದ. 'ನಮ್ಮವ್ವನ ಗುಟ್ಟನ್ನ ಬೀದಿಗೆ ತಂದೆ' ಎಂದು ಅಕ್ಕನನ್ನು ಜಗಲಿಯಿಂದಲೇ ಕಳಿಸಿದ್ದ. ಅಶ್ವತ್ಥ ತಾಯಿಯ ಜೊತೆ ಮಾತು ಬಿಟ್ಟಿದ್ದ. ದೇವಮ್ಮನ ಹಿಂದೆಯೇ, ಚಿಕ್ಕಪ್ಪನ ಹೆಂಡತಿಯಾದ ಮಂಗಳಾಗೆ, ಕಮಲಾಳ ಕಾಗದ ಬಂತು. "ಚಿಕ್ಕವ್ವ, ನಿಮ್ಮ ಮಗುವಿಗೆ ಹಂಗಾದ್ರೆ ನಮ್ಮದಕ್ಕೂ ಹಂಗೇ ಆಯ್ತದಾ? ನಂಗೆ ಹತ್ತು ವರ್ಷದಿಂದ ಅಶ್ವತ್ಥ ಮಾವನೇ ಗಂಡ ಅಂತ ಹೇಳ್ಕೊಂಡು ಬಂದವ್ರು ನೀವೇ ಎಲ್ಲ." ಕೆಳಗೆ ಸಹಿ ಇರಲಿಲ್ಲ.

ಮಂಗಳಾ ಆ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದಳು. ಕೊನೆಗೆ, ಬಂದು ಕಣ್ಣಾರೆ ನೋಡಲಿ ಎಂದು ಅಣ್ಣಪ್ಪನ ಕೈಯಲ್ಲಿ ಹೇಳಿಕಳಿಸಿದಳು. ದೀಪಾವಳಿಯ ಮುಂದೆ ಅವನು ಊರಿಗೆ ಹೋಗಿ, ಅಣ್ಣ ಚಿಕ್ಕಣ್ಣನನ್ನು ಹೇಗೋ ಒಪ್ಪಿಸಿ ಕಮಲಾಳನ್ನು ಕರೆತಂದ. ಹತ್ತೊಂಬತ್ತರ ಹುಡುಗಿ. ಮುಖ ಗಂಟು ಹಾಕಿಕೊಂಡೇ ಬಂದಳು.

ಮೊದಲ ಬೆಳಗ್ಗೆ ವಿಜಿಯ ಬೆನ್ನಿನ ಬಟ್ಟೆ ಬಿಡಿಸುವಾಗ ಕಮಲಾ ಹಿತ್ತಿಲಿಗೆ ಓಡಿ ವಾಂತಿ ಮಾಡಿದಳು. ಎರಡನೆಯ ಬೆಳಗ್ಗೆ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದಳು. ಮೂರು ಗಂಟೆ. ವಿಜಿ ಕಿರುಚುವುದು, ಮಧ್ಯೆ ಸುಸ್ತಾಗಿ ನಿದ್ದೆಹೋಗುವುದು, ಎದ್ದು ಮತ್ತೆ ಕಿರುಚುವುದು. ಮೂರನೆಯ ದಿನ ಒಳಗೆ ಬಂದು ಕೂತು, "ನಾನೇನ್ ಹಿಡ್ಕೊಳ್ಳಿ?" ಎಂದಳು. ಮಂಗಳಾ ನೀರಿನ ಲೋಟ ಕೊಟ್ಟು, ಹನಿಸುವುದು ಹೇಗೆಂದು ತೋರಿಸಿದಳು.

ಕೆಲಸ ಮುಗಿದ ಮೇಲೆ ಕಮಲಾ ಕೇಳಿದಳು. "ಚಿಕ್ಕವ್ವ, ಇವಳು ಎಷ್ಟು ವರ್ಷ ಬದುಕ್ತಾಳೆ?"

"ಡಾಕ್ಟ್ರು ಹೇಳಲಿಲ್ಲ. ನಾನೂ ಕೇಳಲಿಲ್ಲ."

ಆ ಸಂಜೆ ವಿಜಿಗೆ ಮತ್ತೆ ಗಂಜಿ ನುಂಗಲು ತ್ರಾಸವಾಯಿತು. ಮೂರು ಚಮಚೆಯಲ್ಲಿ ಒಂದು ಹೊರಗೆ ಬಂತು. ಮಂಗಳಾ ತಾಯಿಯ ಮುಖ ನೋಡಿದಳು. ದೇವಮ್ಮ ಎದ್ದು ಟ್ರಂಕಿನ ಮೇಲಿನಿಂದ ಚೀಲ ಇಳಿಸಿ ಬಟ್ಟೆ ಜೋಡಿಸತೊಡಗಿದಳು. ಅಣ್ಣಪ್ಪ ವಿಜಯವಾಡದ ರೈಲು ಎಷ್ಟು ಹೊತ್ತಿಗಿದೆಯೆಂದು ಕೇಳಿಕೊಂಡು ಬರಲು ಸೈಕಲ್ ತೆಗೆದ. ಕಮಲಾ ಮರುದಿನ ಊರಿಗೆ ಹೊರಡಬೇಕಾಗಿತ್ತು.

"ನಾನೂ ಬತ್ತೀನಿ," ಎಂದಳು ಅವಳು. "ಅಲ್ಲಿಂದಾನೇ ಊರಿಗೆ ರೈಲು ಹತ್ತುತೀನಿ. ಕಾಗದದಾಗೆ ನಿಮ್ಮನ್ನ ಕೇಳಿದ್ದನ್ನ ಆ ಡಾಕ್ಟ್ರನ್ನೇ ಕೇಳ್ಬೇಕು."